ಕುಂಭ ರಾಶಿಯಲ್ಲಿ ನಾಲ್ಕು ಕಾಳು

ತಾನು ಕಂಡದ್ದನ್ನು ಜಗತ್ತಿನಲ್ಲಿ ಇನ್ಯಾರೂ ಕಂಡಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ. ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ನನಗೆ ಇಷ್ಟು ವರ್ಷದ ಸರ್ವಿಸಿನಲ್ಲಿ ಆ ಸುಖ ಸಿಕ್ಕಿದ್ದು ಒಂದೇ ಒಂದು ವಾರ. ಆದರೆ ಆ ವಾರ ಸಿಕ್ಕಾಪಟ್ಟೆ ಸಿಕ್ಕಿತು. ಕಳೆದ ಕಾರ್ತಿಕ ಮಾಸದಲ್ಲಿ, ಹೊಸಪೇಟೆಯ ಹೊರಗೆ ಕಬ್ಬಿನ ಗದ್ದೆಗಳ ಪಕ್ಕದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ, ನಾನು ಏಳು ದಿನದಲ್ಲಿ ಹನ್ನೊಂದು ನೀಹಾರಿಕೆಗಳನ್ನು ಕಂಡುಹಿಡಿದೆ. ದೊಡ್ಡ ದೊಡ್ಡ ದೇಶಗಳ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಇವತ್ತಿಗೂ ಇವುಗಳ ಸುದ್ದಿ ಗೊತ್ತಿಲ್ಲ. ಗೊತ್ತಾಗದಿರುವುದೇ ಒಳ್ಳೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ, ನೀವು ನಗಬಾರದು.

ಕನ್ನಡ ಮೇಷ್ಟ್ರಿಗೂ ಆಕಾಶಕ್ಕೂ ಏನು ಸಂಬಂಧ ಎಂದು ಕೇಳುತ್ತೀರಿ. ನಮ್ಮ ಶಾಲೆಗೆ ಯಾವುದೋ ಯೋಜನೆಯಲ್ಲಿ ಒಂದು ದುರ್ಬೀನು ಬಂದಿತ್ತು. ಬಂದು ಹೆಡ್‌ಮಿಸ್ಟ್ರೆಸ್ ಸುಮಂಗಲಾ ಮೇಡಂ ಅವರ ಕೋಣೆಯಲ್ಲಿ, ಬೀರುವಿನ ಮೇಲೆ, ಡಬ್ಬಿಯೊಳಗೇ ಎರಡು ವರ್ಷ ಮಲಗಿತ್ತು. ವಿಜ್ಞಾನದ ಮೇಷ್ಟ್ರ ಹುದ್ದೆ ಖಾಲಿ. ಒಂದು ದಿನ ಸ್ಟಾಫ್ ಮೀಟಿಂಗಿನಲ್ಲಿ ಮೇಡಂ ಡಬ್ಬಿಯ ಜೊತೆ ಬಂದಿದ್ದ ಪುಸ್ತಕ ತೆಗೆದು, "ನೀಹಾರಿಕೆ ಅಂತ ಬರದಾರಲ್ರೀ, ಹಂಗಂದ್ರೇನು?" ಎಂದು ಕೇಳಿದರು. ಎಲ್ಲರೂ ಚಹಾದ ಲೋಟದೊಳಗೆ ನೋಡಿದರು. ನಾನು ಎದ್ದು ನಿಂತು, "ನೀಹಾರ ಎಂದರೆ ಮಂಜು ಮೇಡಂ, ನೀಹಾರಿಕೆ ಎಂದರೆ ಆಕಾಶದಲ್ಲಿ ಮಂಜಿನ ಹಾಗೆ ಕಾಣುವ ಮೋಡ" ಎಂದು ಪದದ ಅರ್ಥ ಬಿಡಿಸಿ ಹೇಳಿದೆ. ಬಾಯಿ ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. "ಗೊತ್ತಿದ್ದೋರು ಒಬ್ರರೆ ಅದಾರಲ್ಲ, ಚನ್ನಬಸಪ್ಪ ಸರ್, ನೀವೇ ತಗೊಂಡು ಹೋಗ್ರಿ" ಎಂದು ಮೇಡಂ ದುರ್ಬೀನಿನ ಚಾರ್ಜು ನನಗೆ ಕೊಟ್ಟುಬಿಟ್ಟರು.

ಇದು ನಮ್ಮ ಗಣಿತದ ಪ್ರಹ್ಲಾದಾಚಾರ್ರಿಗೆ ಹಿಡಿಸಲಿಲ್ಲ. ಆಚಾರ್ರು ನನಗಿಂತ ಸೀನಿಯರ್. ಮನೆಯಲ್ಲಿ ಪಂಚಾಂಗ ನೋಡಿ ಗ್ರಹಣದ ಕಾಲ ಹೇಳುವ ಮನೆತನ. "ಛಂದಸ್ಸು ಕಲಿಸೋರ ಕೈಯಾಗ ಗ್ರಹ ನಕ್ಷತ್ರ ಕೊಟ್ರ ಮುಗೀತ ಬಿಡ್ರಿ. ಸೂರ್ಯನಿಗೆ ಗುರು ಲಘು ಹಾಕ್ತಾರ" ಎಂದು ಸ್ಟಾಫ್ ರೂಮಿನಲ್ಲಿ ನನಗೆ ಕೇಳುವ ಹಾಗೆಯೇ ಅಂದರು. ನನಗೂ ಸಿಟ್ಟು ಬಂತು. ಆದರೆ ಒಳಗೊಳಗೆ ಖುಷಿ. ನಿಜ ಹೇಳಬೇಕೆಂದರೆ ನನಗೆ ಇಡೀ ಸರ್ವಿಸಿನಲ್ಲಿ ಯಾರೂ ಯಾವುದರ ಚಾರ್ಜನ್ನೂ ಕೊಟ್ಟಿರಲಿಲ್ಲ, ಪ್ರಾರ್ಥನೆ ಹೇಳಿಸುವುದನ್ನು ಬಿಟ್ಟರೆ. ಮೊದಲ ಸಲ ದುರ್ಬೀನಿನಲ್ಲಿ ಚಂದ್ರನನ್ನು ನೋಡಿದಾಗ ನಾನು ಮಾಳಿಗೆಯ ಮೇಲೆ ಒಬ್ಬನೇ "ಅಯ್ಯೋ ಅಯ್ಯೋ" ಎಂದು ಕೂಗಿದೆ. ಕೆಳಗಿನಿಂದ ಹೆಂಡತಿ ಗಿರಿಜಾ, "ಏನಾತ್ರೀ? ಚೇಳು ಕಡೀತೇನು?" ಎಂದು ಚಪ್ಪಲಿ ಹಿಡಿದುಕೊಂಡೇ ಮೇಲೆ ಓಡಿ ಬಂದಳು. ಚಂದ್ರನನ್ನು ನೋಡು ಬಾ ಎಂದರೆ, ಒಲೆ ಮೇಲೆ ಸಾರು ಐತಿ ಎಂದು ಇಳಿದುಹೋದಳು. ಆವತ್ತಿನಿಂದ ನನಗೂ ಆ ದುರ್ಬೀನಿಗೂ ಒಂದು ಗೆಳೆತನ ಬೆಳೆಯಿತು.

ಗಿರಿಜಾಳ ಬಗ್ಗೆ ಎರಡು ಮಾತು ಹೇಳಬೇಕು. ಅವಳ ತವರು ಕಂಪ್ಲಿ ಕಡೆಯ ಮೆಟ್ರಿ. ಅಣ್ಣನದು ಅಕ್ಕಿ ಮಿಲ್ಲು. ಅವಳು ನಡೆಯಲು ಕಲಿತದ್ದೇ ಮಿಲ್ಲಿನ ಮುಂದೆ ಭತ್ತ ಒಣಗಿಸುವ ಕಟ್ಟೆಯ ಮೇಲಂತೆ. ಅಂಗಡಿಗೆ ಹೋದರೆ ಚೀಲದಿಂದ ಒಂದು ಹಿಡಿ ಅಕ್ಕಿ ಅಂಗೈ ಮೇಲೆ ಹಾಕಿಕೊಳ್ಳುತ್ತಾಳೆ, ಮೊದಲು "ಉಫ್" ಎಂದು ಊದುತ್ತಾಳೆ, ತೌಡು ಹಾರಿಹೋಗುತ್ತದೆ, ಆಮೇಲೆ ಕಣ್ಣು ಹತ್ತಿರ ಒಯ್ಯುತ್ತಾಳೆ. "ನುಚ್ಚು ಭಾಳ ಐತಿ, ಬ್ಯಾಡ" ಎಂದರೆ ಅಂಗಡಿಯವನು ವಾದ ಮಾಡುವುದಿಲ್ಲ, ಒಳಗಿನಿಂದ ಬೇರೆ ಚೀಲ ತರಿಸುತ್ತಾನೆ. ಊದದೆ ಅವಳು ಯಾವುದನ್ನೂ ನೋಡಿದವಳಲ್ಲ. ನಾನು ಹೆಣ್ಣು ನೋಡಲು ಹೋಗುವ ಮೊದಲು ಕಳಿಸಿದ್ದ ನನ್ನ ಫೋಟೋವನ್ನೂ ಊದಿಯೇ ನೋಡಿದ್ದಳೆಂದು ಅವಳ ಅಣ್ಣ ಈಗಲೂ ನಗುತ್ತಾನೆ.

ಇರಲಿ, ಆಕಾಶಕ್ಕೆ ಬರೋಣ. ಕಾರ್ತಿಕ ಮಾಸದಲ್ಲಿ ನಾನು ಸಂಜೆಯೂ ಸ್ನಾನ ಮಾಡಿ ಪೂಜೆ ಮಾಡುತ್ತೇನೆ. ಪೂಜೆ ಮುಗಿಸಿ ದೀಪ ಹಚ್ಚಿಟ್ಟು, ಹಾಗೇ ಮಾಳಿಗೆ ಹತ್ತುವುದು. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ನಮ್ಮ ಕಡೆ ಅದಿರಿನ ಲಾರಿ ಓಡಾಡುವ ದಾರಿಯಲ್ಲಿ ಕೆಂಪು ಧೂಳು ಜಾಸ್ತಿ, ಆದ್ದರಿಂದ ದಿನಾ ದುರ್ಬೀನಿನ ಮುಂದಿನ ದೊಡ್ಡ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಶಾಸ್ತ್ರೋಕ್ತವಾಗಿ ಒರೆಸುತ್ತಿದ್ದೆ. ಹಿಂದಿನ ಕಡೆ, ನಾವು ಕಣ್ಣಿಡುವಲ್ಲಿ, ಗೋಲಿಯಷ್ಟು ಚಿಕ್ಕ ಗಾಜೊಂದಿದೆ. ಬಗ್ಗಿ, ಹಣೆಯನ್ನು ಅದರ ಅಂಚಿಗೆ ಆನಿಸಿಕೊಂಡರೆ ಕುತ್ತಿಗೆಗೆ ಆರಾಮ. ಹೀಗೆ ಆರಾಮಾಗಿ ಆನಿಸಿಕೊಂಡು ನೋಡಿದಾಗಲೇ ಮೊದಲನೆಯ ನೀಹಾರಿಕೆ ಕಂಡಿದ್ದು. ಒಂದು ನಕ್ಷತ್ರ, ಅದರ ಸುತ್ತ ಹಾಲು ಚೆಲ್ಲಿದಂಥ ಮಸುಕು. ಮರುದಿನ ಇನ್ನೆರಡು. ಕೃತ್ತಿಕೆಯ ನಕ್ಷತ್ರಗಳಿಗಂತೂ ಒಂದೊಂದಕ್ಕೂ ಒಂದೊಂದು ಮೋಡ. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು, ತಿಥಿ ವಾರ ಹಾಕಿ, ಹೆಸರಿಟ್ಟೆ. ಒಂದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟು ಅವಳಿಗೆ ಹೇಳಿದೆ. "ಚಲೋ ಆತು. ಅದಕ್ಕ ಹೆಸರು ಇಟ್ಟಂಗ ಇಲ್ಲಿ ಗ್ಯಾಸಿಗೂ ಒಂದು ಫೋನ್ ಹಚ್ರಿ" ಎಂದಳು.

ಇಷ್ಟರಲ್ಲಿ ಡಬ್ಬಿಯ ಪುಸ್ತಕದಲ್ಲಿ ಒಂದು ಸ್ವಾರಸ್ಯದ ಸಂಗತಿ ಓದಿದೆ. ಇನ್ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಒಬ್ಬ ಪುಣ್ಯಾತ್ಮ ಧೂಮಕೇತು ಹುಡುಕುವ ಹುಚ್ಚಿಗೆ ಬಿದ್ದಿದ್ದನಂತೆ. ಆಕಾಶದಲ್ಲಿ ಮಸುಕು ಮಸುಕಾಗಿ ಕಂಡದ್ದೆಲ್ಲ ಧೂಮಕೇತುವೇ ಇರಬೇಕೆಂದು ಹಿಂದೆ ಬಿದ್ದು, ಮೋಸಹೋಗಿ, ಕೊನೆಗೆ ಬೇಸತ್ತು, 'ಇವು ಧೂಮಕೇತುವಲ್ಲ, ಇವುಗಳ ತಂಟೆಗೆ ಹೋಗಬೇಡಿ' ಎಂದು ಒಂದು ಪಟ್ಟಿ ಮಾಡಿದ. ಆ ಪಟ್ಟಿಯಲ್ಲಿ ಕುಂಭ ರಾಶಿಯ ಒಂದು ಪುಟ್ಟ ಗುಂಪು ಇದೆ. ಮೂರೋ ನಾಲ್ಕೋ ನಕ್ಷತ್ರ, ಜೊತೆಗೆ ಸ್ವಲ್ಪ ನೀಹಾರಿಕೆ ಎಂದು ಆತ ಬರೆದಿಟ್ಟ. ಮುಂದೆ ದೊಡ್ಡ ದುರ್ಬೀನುಗಳು ಬಂದ ಮೇಲೆ ನೋಡಿದರೆ ಮೋಡವೂ ಇಲ್ಲ ಮಂಜೂ ಇಲ್ಲ, ಬರೀ ನಾಲ್ಕು ನಕ್ಷತ್ರ. ಅವೂ ಒಂದಕ್ಕೊಂದು ನೆಂಟರಲ್ಲವಂತೆ. ಬಸ್‌ ಸ್ಟ್ಯಾಂಡಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತು, ದೂರದಿಂದ ನೋಡುವವರಿಗೆ ಒಂದೇ ಮನೆಯವರಂತೆ ಕಾಣುವವರ ಹಾಗೆ. ಇಂಥ ಇನ್ನೂ ಕೆಲವು ಗುಂಪುಗಳನ್ನು ಹಳೇ ಕಾಲದವರು ಮೋಡವೆಂದೇ ತಿಳಿದಿದ್ದರಂತೆ.

ಐದು ಸಂಜೆ ಹುಡುಕಿ ಆ ಗುಂಪನ್ನು ಹಿಡಿದೆ. ಕಣ್ಣಿಟ್ಟೆ. ಮೋಡ ಇತ್ತು! ಸ್ಪಷ್ಟವಾಗಿ ಇತ್ತು. ಆ ಫ್ರೆಂಚ್ ಪುಣ್ಯಾತ್ಮ ಕಂಡದ್ದೇ ಸರಿ, ಆಮೇಲಿನವರೆಲ್ಲ ತಪ್ಪು ಎಂದಾಯಿತಲ್ಲ! ಅವನು ಅಲ್ಲಿ, ನಾನು ಇಲ್ಲಿ, ಮಧ್ಯದಲ್ಲಿ ಇನ್ನೂರು ವರ್ಷದ ಕುರುಡು. ಆ ಸಂಜೆ ಎರಡು ರೊಟ್ಟಿ ಹೆಚ್ಚು ತಿಂದೆ. ಮರುದಿನ ಸ್ಟಾಫ್ ರೂಮಿನಲ್ಲಿ ಸುದ್ದಿ ಹೇಳಿದೆ. ಆಚಾರ್ರು ಪುಸ್ತಕ ತಿರುವಿ, "ನಾಲ್ಕೇ ನಕ್ಷತ್ರ, ಮೋಡ ಇಲ್ಲ ಅಂತ ಇಲ್ಲಿ ಸ್ವಚ್ಛ ಬರದಾರ. ನಿಮ್ಮ ಗಾಜಿಗೆ ಧೂಳ್ ಹತ್ತಿರಬೇಕು ನೋಡ್ಕೊಳ್ರಿ" ಎಂದರು. ನಮ್ಮ ಸೀಮೆಯಲ್ಲಿ ಏನು ಮಸುಕಾದರೂ ಅದಿರಿನ ಧೂಳಿನ ಮೇಲೆ ಹಾಕಿಬಿಡುವುದು ರೂಢಿ. ನನಗೆ ಮೈಯೆಲ್ಲ ಉರಿಯಿತು. "ಆಚಾರ್ರೆ, ದಿನಾ ನಾನೇ ಕೈಯಾರೆ ಒರೆಸುತ್ತೇನೆ. ಮೋಡ ಇಲ್ಲದಿದ್ದರೆ ಈ ದುರ್ಬೀನನ್ನು ನಾನು ಮತ್ತೆ ಮುಟ್ಟುವುದಿಲ್ಲ!" ಎಂದು ಮೇಜು ಗುದ್ದಿದೆ.

ಮೇಜು ಗುದ್ದುವಾಗ ಬಾಗಿಲಲ್ಲಿ ಯಾರಿದ್ದಾರೆಂದು ನೋಡಿಕೊಳ್ಳಬೇಕಿತ್ತು. ಮೇಡಂ ನಿಂತಿದ್ದರು. "ಆತಲ್ಲ ಮತ್ತ. ಸಂಡೂರಿನ ಶಾಲೆಯೋರು ಆ ದುರ್ಬೀನು ನಮಗರೆ ಕೊಡ್ರಿ, ಇಲ್ಲಿ ಗುಡ್ಡದ ಮ್ಯಾಲೆ ಆಕಾಶ ಚಂದ ಐತಿ ಅಂತ ತಿಂಗಳಿಂದ ಕೇಳಾಕ ಹತ್ಯಾರ. ಶನಿವಾರ ಎಲ್ಲಾರ ಮುಂದ ತೋರಸ್ರಿ. ಮೋಡ ಇದ್ರ ಇಲ್ಲೇ ಇರ್ಲಿ, ಇಲ್ಲಾಂದ್ರ ಸಂಡೂರಿಗೆ ಕಳಸ್ತೀನಿ" ಎಂದು ತೀರ್ಪು ಕೊಟ್ಟು ಹೋದರು. ನನ್ನ ಜಂಬ ಹೋದರೆ ಹೋಗಲಿ, ಹೊಸದೇನಲ್ಲ. ಆದರೆ ದುರ್ಬೀನೇ ಹೋದರೆ ಸಂಜೆ ಹೊತ್ತು ನಾನೇನು ಮಾಡಲಿ? ಆವತ್ತು ಸಂಜೆ ಮುಂದಿನ ಗಾಜನ್ನು ಎರಡು ಸಲ ಒರೆಸಿದೆ. ಮೋಡ ಇತ್ತು. ದೇವರ ಮುಂದೆ ಇನ್ನೊಂದು ದೀಪ ಹೆಚ್ಚಿಗೆ ಹಚ್ಚಿದೆ.

ಹೊಸಪೇಟೆಯ ಶಾಲೆಯ ಬಯಲಿನಲ್ಲಿ ಬೀದಿ ದೀಪಗಳ ಕಾಟ. ಆದ್ದರಿಂದ ಮೆಟ್ರಿಯಲ್ಲಿ ಗಿರಿಜಾಳ ಅಣ್ಣನ ಮಿಲ್ಲಿನ ಕಟ್ಟೆಯೇ ಸರಿ ಎಂದಾಯಿತು. ಸುತ್ತ ಭತ್ತದ ಗದ್ದೆ, ಮೇಲೆ ಕಗ್ಗತ್ತಲು. ಶನಿವಾರ ಸಂಜೆ ಎರಡು ಬಸ್ಸಿನಲ್ಲಿ ಮಕ್ಕಳು, ತಂದೆ ತಾಯಂದಿರು, ಮೇಡಂ, ಮೇಷ್ಟ್ರುಗಳು ಬಂದಿಳಿದರು. ಆಚಾರ್ರು ಸಂಧ್ಯಾವಂದನೆ ಮುಗಿಸಿಕೊಂಡು, ಹಣೆಯ ನಡುವೆ ಅಂಗಾರದ ಕಪ್ಪು ಗೆರೆಯನ್ನು ಹೊಸದಾಗಿ ಎಳೆದುಕೊಂಡು, ಯುದ್ಧಕ್ಕೆ ಹೊರಟವರ ಹಾಗೆ ಬಂದಿದ್ದರು. ನಾನೇನು ಕಡಿಮೆಯೇ? ಭಾವಮೈದುನನ ಮನೆಯಲ್ಲಿ ಸ್ನಾನ ಮಾಡಿ, ಪೂಜೆ ಮಾಡಿ, ಅಂಚಿನಿಂದ ಅಂಚಿಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು ನಿಂತಿದ್ದೆ. ದುರ್ಬೀನು ನಿಲ್ಲಿಸಿ, ಬಗ್ಗಿ, ಹಣೆ ಆನಿಸಿ, ಕುಂಭ ರಾಶಿಯ ಗುಂಪನ್ನು ಹಿಡಿದು, "ಬರ್ರಿ ಮೇಡಂ" ಎಂದೆ.

ಮೇಡಂ ನೋಡಿದರು. "ಹೌದ್ರೀ, ಮೋಡ ಐತಿ!" ಎಂದರು. ಹಿಂದೆಯೇ ತಂದೆ ತಾಯಂದಿರ ಸಾಲು. ಎಲ್ಲರೂ ಮೋಡ ಮೋಡ ಎಂದರು. ನನಗೆ ಎರಡು ಕೊಂಬು ಮೂಡಿದವು. ಕೊನೆಗೆ ಆಚಾರ್ರು ಬಂದರು. ಕನ್ನಡಕ ತೆಗೆದು ಜೇಬಿಗಿಟ್ಟು ಬಗ್ಗಿದರು. ನನ್ನ ಹಾಗೆಯೇ ಹಣೆ ಆನಿಸಿ ನೋಡಿದರು. ಆಮೇಲೆ ತಲೆ ಎತ್ತಿ, "ಚನ್ನಬಸಪ್ಪನೋರೆ, ಒಪ್ಪಿದೆ. ಮೋಡ ಐತಿ" ಎಂದರು. ಆ ಮಾತು ಕೇಳಿ ನಾನು ಅವರನ್ನು ತಬ್ಬಿಕೊಳ್ಳುವವನಿದ್ದೆ. ಆದರೆ ಆಚಾರ್ರು ಬರಿಗೈಯಲ್ಲಿ ಸೋಲುವವರಲ್ಲ. ಮತ್ತೊಮ್ಮೆ ಬಗ್ಗಿ ನೋಡಿ, "ಮೋಡದ ನಡುವ ಒಂದು ಕರೀ ಗೆರಿ ಐತ್ರಿ! ಅದನ್ನ ನೀವು ಹೇಳಿಲ್ಲ. ಅದನ್ನ ಕಂಡಾವ ನಾನು!" ಎಂದು ಸಾರಿದರು. ನಾನೂ ನೋಡಿದೆ. ಹೌದು, ಇತ್ತು. ಕರೀ ಗೆರೆಯ ಕೀರ್ತಿ ಅವರಿಗೇ ಇರಲಿ ಎಂದು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ. ಒಂದೇ ರಾಶಿಯಲ್ಲಿ ಎರಡು ಶೋಧ. ಇಬ್ಬರೂ ಕೈ ಕುಲುಕಿದೆವು, ಮಕ್ಕಳು ಚಪ್ಪಾಳೆ ಹೊಡೆದರು.

ಆಗ ಗಿರಿಜಾ ಬಂದಳು. ಅಷ್ಟು ಹೊತ್ತು ಬಂದವರಿಗೆಲ್ಲ ಮಂಡಕ್ಕಿಯ ಮಂಡಾಳು ಒಗ್ಗರಣಿ ಹಂಚುತ್ತಿದ್ದವಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಾನೂ ಒಂದೀಟು ನೋಡ್ತೀನಿ ತಡೀರಿ" ಎಂದು ದುರ್ಬೀನಿನ ಮುಂದೆ ನಿಂತಳು. ನಿಂತವಳು ಏನು ಮಾಡಿದಳು ಗೊತ್ತೇ? ಹುಟ್ಟಿದಾಗಿನಿಂದ ಏನು ಮಾಡುತ್ತ ಬಂದಿದ್ದಾಳೋ ಅದನ್ನೇ. ಕಣ್ಣಿಡುವ ಮೊದಲು ಆ ಗೋಲಿಯಷ್ಟು ಗಾಜಿನ ಮೇಲೆ "ಉಫ್" ಎಂದು ಊದಿದಳು. ಪಕ್ಕದಲ್ಲಿ ನಾನು ಹಿಡಿದಿದ್ದ ಬ್ಯಾಟರಿಯ ಬೆಳಕಿನಲ್ಲಿ ಬೆಳ್ಳಗೆ ಏನೋ ಪುಸ್ಸನೆ ಹಾರಿತು. ಉಳಿದದ್ದನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒತ್ತಿ ತೆಗೆದಳು. ಆಮೇಲೆ ಕಣ್ಣಿಟ್ಟಳು.

"ಮೋಡ ಎಲ್ಲೈತ್ರೀ? ನಾಲ್ಕು ಕಾಳು ಅದಾವ" ಎಂದಳು.

"ಸರಿಯಾಗಿ ನೋಡು" ಎಂದೆ.

"ಸರಿಯಾಗೇ ನೋಡೀನಿ. ನಾಲ್ಕ ಕಾಳು. ಮೂರು ಒಂದು ಕಡೆ, ಒಂದು ಈ ಕಡೆ. ತೌಡಿಲ್ಲ, ನುಚ್ಚಿಲ್ಲ. ಏನ್ ಸ್ವಚ್ಛ ಅದಾವ ನೋಡ್ಬರ್ರಿ."

ನಾನು ನೋಡಿದೆ. ಇಲ್ಲ. ಮೋಡ ಇಲ್ಲ. ಕತ್ತಲಲ್ಲಿ ನಾಲ್ಕು ಚುಕ್ಕೆ ಸೂಜಿ ಮೊನೆಯ ಹಾಗೆ ನಿಂತಿದ್ದವು. ಆಚಾರ್ರು ನನ್ನನ್ನು ಪಕ್ಕಕ್ಕೆ ತಳ್ಳಿ ನೋಡಿ, "ನನ್ನ ಗೆರಿ ಎಲ್ಲಿ ಹೋತು?" ಎಂದು ಕೂಗಿದರು. ಗಿರಿಜಾ ಬ್ಯಾಟರಿಯ ಬೆಳಕಿಗೆ ಸೆರಗಿನ ತುದಿ ಹಿಡಿದು ನೋಡಿದಳು. ನನ್ನ ಹಣೆ ನೋಡಿದಳು. ಆಚಾರ್ರ ಹಣೆ ನೋಡಿದಳು. "ಬಿಳೇದು ನಮ್ಮನ್ಯೋರದು, ಕರೇದು ಆಚಾರ್ರದು" ಎಂದಳು.

ಎರಡು ಬಸ್ಸಿನ ಜನ ನಕ್ಕ ನಗು ಕಂಪ್ಲಿಯ ತನಕ ಕೇಳಿಸಿರಬೇಕು. ಆಗ ನನಗೆ ತಿಳಿಯಿತು. ಮಾಳಿಗೆಯ ಮೇಲೆ ನಾನು ಹಣೆ ಆನಿಸಿ ನೋಡಿದ್ದೆಲ್ಲ ನನ್ನದೇ ವಿಭೂತಿ. ಮುಂದಿನ ಗಾಜು ಲಕಲಕ, ಹಿಂದಿನ ಗಾಜು ಭಸ್ಮಮಯ. ಹನ್ನೊಂದು ನೀಹಾರಿಕೆಗಳೂ ನನ್ನ ಹಣೆಯಲ್ಲೇ ಹುಟ್ಟಿ ನನ್ನ ಕಣ್ಣಿಗೇ ಬಿದ್ದವು. ಎಲ್ಲರ ಜೊತೆ ನಾನೂ ನಗಲು ನೋಡಿದೆ, ಆಗಲಿಲ್ಲ. ನಾಚಿಕೆಗಿಂತ ದುಃಖ ಜಾಸ್ತಿ. ಮೋಡ ಇಲ್ಲ ಎಂದರೆ ದುರ್ಬೀನು ಸಂಡೂರಿಗೆ. ಮಾತು ಕೊಟ್ಟವನು ನಾನೇ. ಕಣ್ಣಲ್ಲಿ ನೀರು ಬಂತು. "ಮೇಡಂ, ಸೋತೆ. ಸೋಮವಾರ ಡಬ್ಬಿ ಕಟ್ಟಿ ಕೊಡ್ತೀನಿ" ಎಂದೆ.

ಮೇಡಂ ಉತ್ತರ ಕೊಡುವ ಮೊದಲೇ ಗಿರಿಜಾ ಕೇಳಿದಳು, "ಅಲ್ರೀ ಮೇಡಂ, ಮೊದಲು ಇದನ್ನ ಮೋಡ ಅಂದಿದ್ನಂತಲ್ಲ ಫ್ರಾನ್ಸಿನಾಂವ, ಅಂವನೂ ಇಭೂತಿ ಹಚ್ಕೊಂತಿದ್ನೇನ್ರಿ?"

ಮೇಡಂ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆಯೇ ಕುಳಿತರು. ಸುಧಾರಿಸಿಕೊಂಡು, "ಇಲ್ಲವ್ವಾ, ಅವನ ದುರ್ಬೀನು ಅಷ್ಟು ಚಲೋ ಇರಲಿಲ್ಲ. ಅವನಿಗೂ ಹಿಂಗ ಮಸಕ ಕಂಡಿತ್ತು" ಎಂದವರು ಥಟ್ಟನೆ ಎದ್ದರು. ಮುಖದಲ್ಲಿ ಬೇರೆಯೇ ಕಳೆ. "ಚನ್ನಬಸಪ್ಪ ಸರ್, ಇನ್ನೊಂದು ಸಲ ಹಣಿ ಹಚ್ರಿ" ಎಂದರು. ನನಗೆ ಅರ್ಥವಾಗಲಿಲ್ಲ. "ಹಚ್ರೀ ಅಂದೆ. ಮಕ್ಕಳೆಲ್ಲ ಮತ್ತ ಸಾಲು ನಿಂದರ್ರಿ. ಮೊದಲು ಇಭೂತಿ ಮೋಡ ನೋಡ್ರಿ, ಅದು ಆ ಫ್ರಾನ್ಸಿನವ ಕಂಡಿದ್ದು. ಆಮ್ಯಾಲೆ ಗಿರಿಜಮ್ಮ ಊದ್ತಾರ. ಅದು ಮುಂದಿನವ್ರು ಕಂಡಿದ್ದು."

ಅಲ್ಲಿಂದ ಮುಂದೆ ನಡೆದದ್ದನ್ನು ನೀವು ನೋಡಬೇಕಿತ್ತು. ನಾನು ಬಗ್ಗಿ ಹಣೆ ಒತ್ತುವುದು. ಮಗು ನೋಡಿ "ಮೋಡ!" ಎನ್ನುವುದು. ಗಿರಿಜಾ "ಉಫ್" ಎನ್ನುವುದು. ಮಗು ಮತ್ತೆ ನೋಡಿ "ನಾಲ್ಕು!" ಎಂದು ಕುಣಿಯುವುದು. ಹತ್ತು ಮಕ್ಕಳಾಗುವಷ್ಟರಲ್ಲಿ ನನ್ನ ಹಣೆ ಬೋಳಾಯಿತು, ಭಾವಮೈದುನ ಮನೆಗೆ ಓಡಿ ವಿಭೂತಿ ಗಟ್ಟಿ ತಂದುಕೊಟ್ಟ. ಆಚಾರ್ರು ಸ್ವಲ್ಪ ಹೊತ್ತು ದೂರ ನಿಂತು ನೋಡಿ, ತಡೆಯಲಾರದೆ, "ಒಬ್ರೇ ಎಷ್ಟಂತ ಬಗ್ತೀರಿ, ಕುತಿಗಿ ಹಿಡೀತದ. ಬಾಜೂ ಸರೀರಿ" ಎಂದು ತಮ್ಮ ಹಣೆಯನ್ನೂ ಕೊಟ್ಟರು. ಹಿಂದಿನ ಸಾಲಿನ ಮಕ್ಕಳಿಗೆ ಕರೀ ಗೆರೆಯ ಮೋಡವೇ ಬೇಕಂತೆ, ಅವರ ಮುಂದೆ ನೂಕುನುಗ್ಗಲು. ಅದುವರೆಗೆ ಮೂಲೆಯಲ್ಲಿ ಮೊಬೈಲು ನೋಡುತ್ತಿದ್ದ ತಂದೆಯರೂ ಎದ್ದು ಬಂದು ಸಾಲು ಹಿಡಿದರು. ಒಬ್ಬಾಕೆ ತಾಯಿ ನೋಡಿ, "ಇಷ್ಟ ದಿನಾ ನಾವು ಮೋಡ ಅಂದಿದ್ದೆಲ್ಲಾ ಹಿಂಗ ಇರಬೇಕು" ಎಂದು ತನ್ನ ಪಾಡಿಗೆ ಹೇಳಿಕೊಂಡು ಹೋದಳು. ಸರ್ವಿಸಿನಲ್ಲಿ ನಾನು ಎಷ್ಟೋ ಪಾಠ ಮಾಡಿದ್ದೇನೆ, ಯಾರೂ ಎರಡನೇ ಸಲ ಕೇಳಲು ಸಾಲು ನಿಂತಿರಲಿಲ್ಲ. ಆ ಸಂಜೆ ನಿಂತರು. ಎಂಥ ಸಂತೋಷ ಅಂತೀರಿ!

ಎಲ್ಲ ಮುಗಿದ ಮೇಲೆ ಮೇಡಂ ತೀರ್ಪಿಗೆ ಬಂದರು. "ಚನ್ನಬಸಪ್ಪ ಸರ್ ಸೋತ್ರು. ಮೋಡ ಐತಿ ಅಂತ ಒಪ್ಪಿದ್ದಕ್ಕ ಆಚಾರ್ರೂ ಸೋತ್ರು. ನಾನೂ ಹೌದಂದಿದ್ದೆ, ನಂದೂ ಹೋತು. ಗೆದ್ದಾಕಿ ಗಿರಿಜಮ್ಮ ಒಬ್ಬಾಕಿನ. ಆಕಿನ ಹೇಳ್ಲಿ, ದುರ್ಬೀನು ಇಲ್ಲಿರಬೇಕೋ ಸಂಡೂರಿಗೆ ಹೋಗಬೇಕೋ?" ಎಲ್ಲರೂ ಗಿರಿಜಾಳ ಕಡೆ ನೋಡಿದರು. ನಾನಂತೂ ಮದುವೆಯಾದಾಗಿನಿಂದ ಅವಳಿಗೆ ಮಾಡಿದ ಉಪಕಾರಗಳನ್ನು ಲೆಕ್ಕ ಹಾಕುತ್ತ ನಿಂತೆ. ಲೆಕ್ಕ ಬೇಗ ಮುಗಿಯಿತು. ಗಿರಿಜಾ ಯೋಚಿಸಿ, "ಇಲ್ಲೇ ಇರ್ಲಿ ಬಿಡ್ರಿ ಮೇಡಂ. ಇವರು ಮಾಳಿಗಿ ಹತ್ತಿದ್ರ ನನಗ ಸಂಜಿ ಮುಂದ ಟಿವಿ ನೋಡಾಕ ನಿರಾಳ ಆಗತೈತಿ" ಎಂದಳು. ಕಾರಣ ಯಾವುದಾದರೇನು, ಗೆದ್ದೆವು! ನಾನೂ ಆಚಾರ್ರೂ ದುರ್ಬೀನನ್ನು ಆಚೆ ಈಚೆ ಹಿಡಿದು ಬಸ್ಸಿಗೆ ಏರಿಸಿದೆವು. ಹೊಸಪೇಟೆ ಮುಟ್ಟುವ ತನಕ ಮಕ್ಕಳು "ಉಫ್, ನಾಲ್ಕು! ಉಫ್, ನಾಲ್ಕು!" ಎಂದು ಹಾಡಿಕೊಂಡು ಬಂದರು.

ನಾವು ಹೊಸಪೇಟೆ ಮುಟ್ಟುವ ಮೊದಲೇ ಸುದ್ದಿ ಸಂಡೂರು ಮುಟ್ಟಿತು. ಕಳೆದ ವಾರ ಅಲ್ಲಿಯ ಶಾಲೆಯಿಂದ ಒಂದು ಕಾಗದ ಬಂದಿದೆ. ದುರ್ಬೀನು ಕೊಡದಿದ್ದರೂ ಚಿಂತೆಯಿಲ್ಲ, ಆ ಕಾರ್ಯಕ್ರಮವನ್ನು ನಮ್ಮಲ್ಲೂ ಒಂದು ಸಂಜೆ ನಡೆಸಿಕೊಡಬೇಕು ಎಂದು ಬಹಳ ಗೌರವದಿಂದ ಬರೆದಿದ್ದಾರೆ. ಕಾಗದ ಬಂದಿರುವುದು ಶ್ರೀಮತಿ ಗಿರಿಜಮ್ಮನವರ ಹೆಸರಿಗೆ. ಕೊನೆಯಲ್ಲಿ ಒಂದು ಸಾಲಿದೆ: 'ಉಪಕರಣ ಹೊರಲು ಮತ್ತು ಹಣೆ ಒದಗಿಸಲು ತಮಗೆ ಅನುಕೂಲವಾದ ಯಾರಾದರೂ ಒಬ್ಬರನ್ನು ಜೊತೆಗೆ ಕರೆತರಬಹುದು.' ಒಬ್ಬರನ್ನು ಮಾತ್ರ. ಆಗಿನಿಂದ ಆಚಾರ್ರು ಎರಡು ಸಲ ನಮ್ಮ ಮನೆಗೆ ಬಂದು, "ಹೆಂಗದೀರಿ ಗಿರಿಜಮ್ಮ, ಆರಾಮ ಅದೀರಿಲ್ಲೊ?" ಎಂದು ವಿಚಾರಿಸಿ ಚಹಾ ಕುಡಿದು ಹೋಗಿದ್ದಾರೆ. ಅವರ ಹಣೆ ನನ್ನದಕ್ಕಿಂತ ಅಗಲ, ಅದು ನನಗೂ ಗೊತ್ತು. ಹಾಗಾಗಿ ನಾನೂ ನಿನ್ನೆ ಒಂದು ಹಾಳೆಯಲ್ಲಿ, 'ಮಾನ್ಯರೇ' ಎಂದು ಶುರು ಮಾಡಿ, ನನ್ನ ಅನುಭವ, ಭಾರ ಹೊರುವ ಶಕ್ತಿ, ನಡತೆ ಎಲ್ಲವನ್ನೂ ವಿವರಿಸಿ, ವ್ಯಾಕರಣದ ಒಂದು ತಪ್ಪೂ ಇಲ್ಲದ ಹಾಗೆ ಬರೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಗೆ ಕೊಟ್ಟೆ. ಗಿರಿಜಾ ಆ ಹಾಳೆಯನ್ನು ಓದಿ, ಮಡಚಿ, ಡಬ್ಬಿಗಳ ಹಿಂದೆ ಇಟ್ಟು, "ನೋಡೋಣು" ಎಂದಿದ್ದಾಳೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.